ಪಾರ್ಕರ್‌ನ ಬೀಬಾಪ್, ಮಹಂತಪ್ಪನವರ ತಂಡದಲ್ಲಿ

ಪ್ರಶ್ನೆ (ಕದ್ರಿ, ಮಂಗಳೂರು):
ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪನವರ ಐವರ ತಂಡ 2015ರಲ್ಲಿ ಹೊರತಂದ ‘ಬರ್ಡ್ ಕಾಲ್ಸ್’ ಆಲ್ಬಂ, ಹಿಂದಿನ ಪೀಳಿಗೆಯ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ಗೆ ಸಲ್ಲಿಸಿದ ಗೌರವವೆನ್ನುತ್ತಾರೆ. ಆದರೆ ಅದರಲ್ಲಿ ಪಾರ್ಕರ್‌ನ ಒಂದು ರಚನೆಯೂ ಇದ್ದಂತೆ ಇಲ್ಲ. ಇದನ್ನು ಹೇಗೆ ಆಲಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಉಡುಪಿ):
ಮೂಲವನ್ನೂ ಇದನ್ನೂ ಜೋಡಿಯಾಗಿ ಕೇಳಿ. ಈ ಆಲ್ಬಂನ ‘ಆನ್ ದ ಡಿಎಲ್’ನ ಬೇರು ‘ಡೊನಾ ಲೀ’ಯಲ್ಲಿದೆ, ‘ಮೇಬಿ ಲೇಟರ್’ನಲ್ಲಿ ‘ನೌಸ್ ದ ಟೈಮ್’ನ ಪಾರ್ಕರ್ ಏಕವಾದನದ ಲಯವನ್ನು ಉಳಿಸಿಕೊಂಡು ಸ್ವರಗಳನ್ನು ಬದಲಿಸಿದ್ದಾರೆ. ಹಳೆಯ ಹಾಡಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಹೊಸ ಮಟ್ಟು ಕಟ್ಟುವುದು ಬೀಬಾಪ್ ಎಂಬ ಪಾರ್ಕರ್‌ನ ವೇಗದ ಜಾಝ್ ಶೈಲಿಯದೇ ರೂಢಿ: ಪಾರ್ಕರ್ 1945ರಲ್ಲಿ ಧ್ವನಿಮುದ್ರಿಸಿದ ‘ಕೋ ಕೋ’ ನಿಂತಿರುವುದು ‘ಚೆರೋಕೀ’ಯ ಕಾರ್ಡ್‌ಗಳ ಮೇಲೆ. ಆದ್ದರಿಂದ ಯಥಾವತ್ ನಕಲಿಗಿಂತ ಈ ಮಾರ್ಗವೇ ಪಾರ್ಕರ್‌ಗೆ ಹೆಚ್ಚು ನಿಷ್ಠವೆಂದು ನಾನು ದೃಢವಾಗಿ ನಂಬುತ್ತೇನೆ.

ಉತ್ತರ (ಬಂಟ್ವಾಳ):
ನಮ್ಮ ಸಜಿಪದ ಕದ್ರಿ ಗೋಪಾಲನಾಥರೊಂದಿಗೆ ‘ಕಿನ್ಸ್‌ಮೆನ್’ (2008) ನುಡಿಸಿದವರೂ ಇದೇ ಮಹಂತಪ್ಪನವರು. ಗಮಕಕ್ಕೆ ಒಗ್ಗಿದ ಕಿವಿಯಿದ್ದರೆ, ‘ಪಾರ್ಕರ್ಸ್ ಮೂಡ್’ನಿಂದ ಹುಟ್ಟಿದ ‘ತಾಲಿನ್ ಈಸ್ ಥಿಂಕಿಂಗ್’ನಿಂದ ಆರಂಭಿಸಿ.

ಉತ್ತರ (ಮಣಿಪಾಲ):
ಈ ತಂಡದ ಆಡಂ ಒ’ಫ್ಯಾರಿಲ್ ಅವರ ಟ್ರಂಪೆಟ್ಟನ್ನೂ ಗಮನಿಸಿ. ಸ್ಯಾಕ್ಸೊಫೋನಿನೊಂದಿಗೆ ಅದು ಒಂದೇ ಎಳೆಯನ್ನು ಅಷ್ಟು ವೇಗದಲ್ಲಿ ಕೂಡಿ ನುಡಿಸುವಾಗ ಪಾರ್ಕರ್ ಮತ್ತು ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಯ ಜೋಡಿ ನೆನಪಾಗುತ್ತದೆ.