ಅಪ್‌ಡೇಟ್: ವಾಚನಾಲಯದ ಹಳೇ ಪುಸ್ತಕಗಳು ವಿಕಿಸೋರ್ಸ್‌ಗೆ ಹೊರಟವು

ಹೋದ ತಿಂಗಳು ಕೇಳಿದ್ದೆ ನೋಡಿ, ಗದಗಿನ ನಮ್ಮ ಓಣಿಯ ವಾಚನಾಲಯದ ಹಳೇ ಪುಸ್ತಕಗಳನ್ನು, ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ಗೆ ಹಾಕಬಹುದಾ, ಕಮಿಟಿಯವರು ಕೇಸ್ ಆಗುತ್ತೆ ಅಂತ ಹೆದರ್ತಾರೆ ಅಂತ. ಕೊನೆಗೂ ಒಪ್ಪಿದರು. ಸದ್ಯಕ್ಕೆ ಮೂರೇ ಪುಸ್ತಕ.

ನೀವು ಹೇಳಿದ ಲೆಕ್ಕವೇ ಕೆಲಸಕ್ಕೆ ಬಂತು: ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಕಳೆದರೆ ಕಾಪಿರೈಟ್ ಮುಗೀತು. 1964ರಲ್ಲಿ ಹೋದವರ ಪುಸ್ತಕ 2025ರ ಜನವರಿ 1ಕ್ಕೆ ಎಲ್ಲರದ್ದೂ ಆಯಿತು. ಆದರೆ ಒಂದು ಪುಸ್ತಕಕ್ಕೆ ಮುನ್ನುಡಿ ಬರೆದವರು ಹೋಗಿದ್ದು 1978ರಲ್ಲಿ. ಅದರ ಹಕ್ಕು ಬೇರೆ ಅಲ್ವಾ? ಆ ಆರು ಪುಟ ಬಿಟ್ಟೆವು.

ಸ್ಕ್ಯಾನ್ ಮಾಡಲು ಕೊಟ್ಟ ಅಂಗಡಿಯವನು ಸುಮ್ನೆ ಹೊಲಿಗೆ ಬಿಚ್ಚಿಬಿಟ್ಟ. ಕಾರ್ಯದರ್ಶಿ ಕಾಕಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ವಾಚನಾಲಯದಲ್ಲೇ, ಕಿಟಕಿ ಪಕ್ಕ ಪುಸ್ತಕ ಇಟ್ಟು, ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇವೆ.

ಜಾಸ್ತಿ ಹೊತ್ತು ಹೋಗುವುದು ತಿದ್ದೋದರಲ್ಲಿ. ಫೋಟೋದಲ್ಲಿನ ಅಕ್ಷರ ಓದಿ ಟೈಪ್ ಮಾಡಿಕೊಡುವ ಒಸಿಆರ್‌ಗೆ ಸೊನ್ನೆಯೂ ಅನುಸ್ವಾರವೂ ಒಂದೇ; 'ಘ' ಇದ್ದಲ್ಲಿ 'ಫ' ಕೂರಿಸುತ್ತದೆ. ವಿಕಿಸೋರ್ಸ್‌ನಲ್ಲಿ ತಿದ್ದಿದ ಪುಟದ ಗುರುತು ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಕಾಕಾ ಈಗ ದಿನಾ ಸಂಜೆ ಬಂದು ಕೇಳುತ್ತಾರೆ, "ಇವತ್ತೆಷ್ಟು ಪುಟ ಹಸಿರಾದೂವಪಾ?"