ಗೆಜ್ಜೆ ಮತ್ತೆ ಕಟ್ಟಲಾ? ಮಕ್ಕಳಾಗದ ನೋವಿನಲ್ಲಿ ಕುಣಿತ, ಚಿತ್ತಾರ ಕೈಹಿಡಿದವರು ಅನುಭವ ಹೇಳಿ

ಕೇಳಿದವರು, ಸಾಗರ:
ನನಗೆ 34. ಮದುವೆಯಾಗಿ ಏಳು ವರ್ಷ. ಮೂರು ಸಲ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸೋದು), ಹೋದ ವರ್ಷ ಒಂದು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ). ಎರಡು ವಾರ ಕಾದು ಮಾಡಿಸಿದ ರಕ್ತಪರೀಕ್ಷೆ ನೆಗೆಟಿವ್ ಬಂತು. ಆವತ್ತಿಂದ ಈ ಮೈ ನನ್ನದಲ್ಲ, ಆಸ್ಪತ್ರೆ ಫೈಲಿನದು ಅನ್ನಿಸಿಬಿಟ್ಟಿದೆ. ಮೊನ್ನೆ ತವರಿನ ಅಟ್ಟದಲ್ಲಿ ಟ್ರಂಕ್ ತೆಗೆದರೆ ನನ್ನ ಗೆಜ್ಜೆ ಸಿಕ್ಕಿತು. ಹೈಸ್ಕೂಲಲ್ಲಿ ಭರತನಾಟ್ಯ ಜೂನಿಯರ್ ಪಾಸಾಗಿದ್ದೆ. ಪಕ್ಕದಲ್ಲೇ ಅಜ್ಜಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ, ಭೂಮಿ ಹುಣ್ಣಿಮೆಗೆ ಗದ್ದೆಗೆ ಊಟ ಹೊರೋದು, ಬಣ್ಣ ಅರ್ಧ ಉದುರಿದೆ. ಎರಡನ್ನೂ ಮನೆಗೆ ತಂದಿಟ್ಟಿದ್ದೇನೆ, ಮುಟ್ಟೋಕೆ ಧೈರ್ಯ ಸಾಲ್ತಿಲ್ಲ. ಇಂಥದ್ದರಿಂದ ಯಾರಿಗಾದರೂ ಸಮಾಧಾನ ಸಿಕ್ಕಿದೆಯಾ? ಯಾವ ಡಾಕ್ಟರು, ಯಾವ ದೇವಸ್ಥಾನ ಅನ್ನೋದು ಮಾತ್ರ ದಯವಿಟ್ಟು ಬೇಡ.

ಭದ್ರಾವತಿಯಿಂದ ಒಬ್ಬರು:
ಬೇಡ ಅಂದಿದ್ದೀರಿ, ಆದರೂ ಹೇಳ್ತೀನಿ. ಒಮ್ಮೆ ಕುಕ್ಕೆಗೆ ಹೋಗಿ ಬನ್ನಿ.

ಕೇಳಿದವರು:
ಎರಡು ಸಲ ಹೋಗಿ ಬಂದಾಯ್ತು ಅಣ್ಣ.

ಹೊಸನಗರ ಕಡೆಯ ಒಬ್ಬರು:
ತಂಗಿ, ಬುಟ್ಟಿ ವಿಷಯ ಓದಿ, ಸುಲೀತಿದ್ದ ಅಡಿಕೆ ಬಿಟ್ಟು ಬರೀತಿದ್ದೀನಿ. ನನಗೀಗ 47. ಮಕ್ಕಳಾಗಲಿಲ್ಲ, ಇನ್ನು ಆಗೋದೂ ಇಲ್ಲ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ವಿಷಯ ಎತ್ತಿದವರೆಲ್ಲ ಕೊನೆಗೆ ಅವಳಿ ಜವಳಿ ಹುಟ್ಟಿಸಿಯೇ ಕತೆ ಮುಗಿಸ್ತಾರೆ.

ನಿಮಗೆ ಗೊತ್ತಿರತ್ತೆ, ಗೊತ್ತಿಲ್ಲದವರಿಗೆ ಹೇಳ್ತೀನಿ. ಸೀಗೆ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆ ತುಂಬಿರತ್ತೆ, ಭೂಮ್ತಾಯಿ ಬಸುರಿ ಅಂತ ಲೆಕ್ಕ. ಅವಳಿಗೆ ಬಯಕೆ ಊಟ ಕೊಡೋದೇ ಭೂಮಿ ಹುಣ್ಣಿಮೆ. ರಾತ್ರಿಯಿಡೀ ಅಡಿಗೆ, ಬೆಳಕು ಹರಿಯೋ ಮೊದಲು ಗದ್ದೆಗೆ ಹಚ್ಚಂಬಲಿ, ಅಂದ್ರೆ ಸೊಪ್ಪುಗಳನ್ನ ಹಾಕಿ ಬೇಯಿಸಿದ ಅಂಬಲಿ, ಬೀರೋದು. ಊಟ ಹೊರೋ ಬುಟ್ಟಿಗೆ ಮನೆ ಹೆಂಗಸರೇ ಚಿತ್ತಾರ ಬರೀಬೇಕು.

ನನ್ನ ಮದುವೆಯಾಗಿ ಎಂಟನೇ ವರ್ಷ. ಆ ಸಲ ಹತ್ತು ದಿನ ಮುಂದಕ್ಕೆ ಹೋಗಿ, ಆಸೆ ಹುಟ್ಟಿಸಿ, ಮತ್ತೆ ಹೊರಗಾಗಿದ್ದೆ. ಓರಗಿತ್ತಿಗೆ ಏಳು ತಿಂಗಳು. ಮಣ್ಣಿಗೂ ಸೀಮಂತ, ಓರಗಿತ್ತಿಗೂ ಸೀಮಂತ, ನಾನು ಒಲೆ ಮುಂದೆ. ಬುಟ್ಟಿ ಬರೆಯೋ ದಿನ ಕೊಟ್ಟಿಗೆಗೆ ಹೋಗಿ ಕೂತೆ, ‘ಅವಳ ಕೈಲಿ ಬೇಡ’ ಅಂತ ಯಾರಾದರೂ ಅನ್ನೋ ಮೊದಲೇ ನಾನೇ ತಪ್ಪಿಸಿಕೊಳ್ಳೋಣ ಅಂತ. ಅತ್ತೆ ಹುಡುಕಿಕೊಂಡು ಬಂದ್ರು. ಪುಂಡಿ ನಾರಿನ ಕುಂಚ ಕೈಗೆ ಕೊಟ್ಟು, ‘ನಂಗೆ ಕೈ ನಡುಗ್ತದೆ, ಗೆರೆ ನೀನೇ ಎಳಿ’ ಅಂದ್ರು. ಕೈ ಎಲ್ಲಿ ನಡುಗ್ತಿತ್ತು! ಮಾರನೇ ದಿನ ಕನ್ನಡಕ ಇಲ್ಲದೇ ಸೂಜಿಗೆ ದಾರ ಪೋಣಿಸ್ತಿದ್ರು.

ಕೆಮ್ಮಣ್ಣು ಬಳಿದ ಬುಟ್ಟಿ ಮೇಲೆ ಅಕ್ಕಿ ನೆನೆಸಿ ರುಬ್ಬಿದ ಬಿಳಿ. ಕಪ್ಪು ಬೇಕಂದ್ರೆ ಅಕ್ಕಿಯನ್ನೇ ಕರಿಕಾಗೋವರೆಗೆ ಹುರಿದು ಅರೆಯೋದು, ಹಳದಿಗೆ ಗುರಿಗೆ ಬೀಜ. ಗೆರೆ ಎಳೆಯೋವಾಗ ಉಸಿರು ಹಿಡೀಬೇಕು, ಇಲ್ಲಾಂದ್ರೆ ನಾರು ಅಲುಗತ್ತೆ. ಮಧ್ಯಾಹ್ನದಿಂದ ದೀಪ ಹಚ್ಚೋ ಹೊತ್ತಿನವರೆಗೂ ಬರೆದೆ. ಅಷ್ಟೂ ಹೊತ್ತು ತಾರೀಖು ಎಣಿಸಿರಲಿಲ್ಲ ಅನ್ನೋದು ಕೈ ತೊಳೆಯೋವಾಗ ಹೊಳೀತು. ನಮ್ಮ ಕಡೆ ಪೂಜೆ ಹೊತ್ತಲ್ಲಿ ಭತ್ತದ ಗಿಡಕ್ಕೆ ಮನೆ ಹೆಂಗಸರ ತಾಳಿಸರ ಹಾಕ್ತಾರೆ. ಆ ವರ್ಷ ಅತ್ತೆ ನನ್ನದನ್ನ ಕೇಳಿ ಹಾಕಿಸಿದ್ರು.

ಅಡಿಗೆ ಮಾಡ್ತಾ ಒಂದು ವಿಷಯ ಹೇಳಿದ್ರು. ಹಿಂದೆ ನಮ್ಮ ಮನೆ ಹಸೆಗೋಡೆ, ಅಂದ್ರೆ ಮದುವೆಗೆ ಗೋಡೆ ಮೇಲೆ ಬರೆಯೋ ಚಿತ್ತಾರ, ಬರೀತಿದ್ದದ್ದು ಮಾವನ ಚಿಕ್ಕಮ್ಮ. ಅವರಿಗೂ ಮಕ್ಕಳಿರಲಿಲ್ಲ. ಕೇರಿಯಲ್ಲಿ ಯಾರ ಮದುವೆಯಾದ್ರೂ ಗೋಡೆಗೆ ಅವರೇ ಬೇಕಿತ್ತಂತೆ. ನಮ್ಮನೆ ವಂಶಾವಳಿ ಬರೆಸಿಟ್ಟಿದ್ದಾರೆ, ಅದರಲ್ಲಿ ಅವರ ಹೆಸರಿಲ್ಲ. ಹೆತ್ತವರನ್ನಷ್ಟೇ ಸೇರಿಸಿದ್ದಾರೆ. ಆದರೆ ನಾನು ಬರೆಯೋ ಭತ್ತದ ತೆನೆ ಅವರದು. ತುದಿ ಎಡಕ್ಕೆ ಬಾಗಿರತ್ತೆ, ಕೇರಿಯ ಬಾಕಿ ಮನೆಗಳದು ಬಲಕ್ಕೆ. ಅತ್ತೆಗೆ ಕಲಿಸಿದ್ದು ಅವರು, ನನಗೆ ಅತ್ತೆ, ಈಗ ನನ್ನಿಂದ ಓರಗಿತ್ತಿ ಮಗಳು.

ನಿಮ್ಮ ಮನೇಲೂ ಕೇಳಿ ನೋಡಿ. ಅಜ್ಜಿ ತಂಗಿಯೋ, ದೊಡ್ಡಮ್ಮನೋ ಇದ್ದೇ ಇರ್ತಾರೆ, ಧ್ವನಿ ತಗ್ಗಿಸಿ ಹೇಳ್ತಾರೆ ಅಷ್ಟೆ. ನಮ್ಮ ಜನಪದ ತ್ರಿಪದಿಯಲ್ಲೇ ಮಕ್ಕಳಿಲ್ಲದವಳನ್ನ ಬಾಡಿಗೆ ಎತ್ತು, ಉಂಡು ಒಗೆದ ಬಾಳೆಲೆ ಅಂದಿದ್ದಾರೆ, ಶಾಲೆಯಲ್ಲಿ ಅದನ್ನೇ ರಾಗವಾಗಿ ಹಾಡಿದ್ವಿ. ಇನ್ನೊಂದು ಕಡೆಯವರು ತಕ್ಷಣ ಸಾಲುಮರದ ತಿಮ್ಮಕ್ಕನ ಉದಾಹರಣೆ ಕೊಡ್ತಾರೆ. ದೊಡ್ಡ ಜೀವ, ಕೈ ಮುಗೀತೀನಿ. ಆದ್ರೆ ಮಕ್ಕಳಾಗದವಳು 385 ಆಲದ ಮರ ಬೆಳೆಸಿ ಲೆಕ್ಕ ಒಪ್ಪಿಸಬೇಕು ಅಂತ ಏನಿದೆ? ನಾನು ವರ್ಷಕ್ಕೆ ಎರಡು ಬುಟ್ಟಿ ಬರೀತೀನಿ.

ನೋವು ಹೋಯ್ತಾ ಅಂದ್ರೆ, ಇಲ್ಲ. ಓರಗಿತ್ತಿ ಮಗು ತೊಟ್ಟಿಲಿಗೆ ಹಾಕೋ ದಿನ ತವರಿಗೆ ಓಡಿಹೋಗಿದ್ದೆ.

ಶಿವಮೊಗ್ಗದಿಂದ ಒಬ್ಬರು:
ಗೆಜ್ಜೆ ಬಗ್ಗೆ ನಾನು ಹೇಳ್ತೀನಿ. 36ನೇ ವಯಸ್ಸಲ್ಲಿ ಮತ್ತೆ ಕ್ಲಾಸಿಗೆ ಸೇರಿದೆ. ಇಂಜೆಕ್ಷನ್ ತಗೊಂಡು ದಪ್ಪ ಆಗಿದ್ದೆ, ಮಂಡಿ ಮಡಿಸಿ ಅರಮಂಡಿ ಕೂತರೆ ತೊಡೆ ಥರಗುಟ್ಟೋದು, ಪಕ್ಕದಲ್ಲಿ ಹತ್ತು ವರ್ಷದ ಹುಡುಗೀರು. ಎರಡು ತಿಂಗಳು ಬರೀ ತಟ್ಟಡವು, ಅದೇ ಪಾದ ನೆಲಕ್ಕೆ ತಟ್ಟೋ ಮೊದಲ ಪಾಠ. ಹೆಜ್ಜೆ ನೆಲಕ್ಕೆ ಬಿದ್ದಾಗ ಅಂಗಾಲು ಉರೀತಿತ್ತು. ಎಷ್ಟೋ ದಿನದ ಮೇಲೆ ಹೊಟ್ಟೆ ಬಿಟ್ಟು ಮೈಯ ಬೇರೆ ಭಾಗಾನೂ ಇದೆ ಅಂತ ಗೊತ್ತಾಯ್ತು, ನಗಬೇಡಿ.

ಒಂದು ಎಚ್ಚರಿಕೆ. ಯಶೋದೆ ಕೃಷ್ಣನ ತೊಟ್ಟಿಲು ತೂಗೋ ಅಭಿನಯಕ್ಕೆ ಬಂದಾಗ ಕೈ ಮೇಲೇಳಲಿಲ್ಲ, ಎದ್ದು ಆಚೆ ಬಂದೆ. ಟೀಚರ್ ಏನೂ ಕೇಳದೆ ಮುಂದಿನ ವಾರ ತಿಲ್ಲಾನ ಶುರು ಮಾಡಿಸಿದ್ರು. ಅದರಲ್ಲಿ ಹೆಚ್ಚಿನದು ನೃತ್ತ. ತಾಳ, ಜತಿ, ಹೆಜ್ಜೆ ಅಷ್ಟೆ, ಯಾರ ತಾಯ್ತನದ ಕತೆಯೂ ಇಲ್ಲ. ಸೇರೋ ಮೊದಲೇ ಟೀಚರ್ ಹತ್ರ ಹೇಳಿಬಿಡಿ, ಈಗ ನೃತ್ತ ಸಾಕು ಅಂತ. ಯಶೋದೆಯನ್ನ ನಾನು ಇನ್ನೂ ಮಾಡಿಲ್ಲ.

ನರ್ಸ್ ಒಬ್ಬರು:
ಕುಣಿಯಿರಿ, ಆದರೆ ಮತ್ತೆ ಐವಿಎಫ್ ಮಾಡಿಸೋದಾದರೆ ಅಂಡ ಬೆಳೆಸೋ ಇಂಜೆಕ್ಷನ್ ನಡೀತಿರೋ ದಿನಗಳಲ್ಲಿ ನೆಗೆತ, ತಿರುವು ಬೇಡ. ಅಂಡಾಶಯ ಊದಿ ಭಾರ ಆಗಿರತ್ತೆ, ತಿರುಚಿಕೊಂಡರೆ ತುರ್ತು ಆಪರೇಷನ್ನಿಗೆ ಬರತ್ತೆ. ಎಂದಿಂದ ಶುರು ಮಾಡಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಭ್ರೂಣ ಇಟ್ಟ ಮೇಲೆ ದಿನಗಟ್ಟಲೆ ಮಲಗಿರೋದರಿಂದ ಲಾಭ ಇಲ್ಲ, ಮಾಮೂಲಿ ಓಡಾಟ ಇರಲಿ.

‘ಟೆನ್ಶನ್ ಬಿಡು, ತಾನಾಗೇ ಆಗತ್ತೆ’ ಅನ್ನೋರಿಗೆ ಒಂದು ಮಾತು. 14 ಅಧ್ಯಯನಗಳನ್ನ, 3,583 ಹೆಂಗಸರ ಮಾಹಿತಿಯನ್ನ ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ 2011ರಲ್ಲಿ ಪ್ರಕಟವಾಯ್ತು. ಚಿಕಿತ್ಸೆಗೆ ಮುಂಚಿನ ಆತಂಕ, ದುಃಖದಿಂದ ಆ ಸುತ್ತು ವಿಫಲ ಆಗತ್ತೆ ಅನ್ನೋದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ನೀವು ಅತ್ತಿದ್ದರಿಂದ ನೆಗೆಟಿವ್ ಬಂದಿಲ್ಲ. ಹಾಗೇ, ಕುಣಿದರೆ ಬಸುರಾಗ್ತೀರಿ ಅಂತ ಯಾರಾದರೂ ಫೀಸ್ ಕೇಳಿದರೆ ವಾಪಸ್ ಬನ್ನಿ.

ತೀರ್ಥಹಳ್ಳಿಯಿಂದ, ಗಂಡಸರು:
ಗಂಡಸರೂ ಬರೀಬಹುದಲ್ವಾ? ನಮ್ಮಲ್ಲಿ ತೊಂದರೆ ಇದ್ದದ್ದು ನನ್ನ ರಿಪೋರ್ಟಲ್ಲಿ. ಆದರೂ ‘ವಿಶೇಷ ಏನೂ ಇಲ್ವಾ’ ಅಂತ ಎಲ್ಲರೂ ಕೇಳ್ತಿದ್ದದ್ದು ಹೆಂಡತಿಯನ್ನೇ, ನಾನು ಬಾಯಿಬಿಟ್ಟಿರಲಿಲ್ಲ. ಮಳೆಗಾಲದ ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಾಡೋ ಯಕ್ಷಗಾನ) ಒಮ್ಮೆ ಪುತ್ರಕಾಮೇಷ್ಟಿ ಪ್ರಸಂಗ, ನನಗೆ ದಶರಥನ ಅರ್ಥ, ಅಂದ್ರೆ ಅವನ ಪಾತ್ರದ ಮಾತು. ಅರ್ಥಗಾರಿಕೆಗೆ ಬರೆದಿಟ್ಟ ಮಾತಿಲ್ಲ, ಪದ್ಯ ಮುಗಿದ ಮೇಲೆ ಬಾಯಿಗೆ ಬಂದದ್ದೇ ಮಾತು. ಮೂವರು ರಾಣಿಯರನ್ನು ಜನ ಆಡಿಕೊಳ್ಳುತ್ತಾರೆ, ಕೊರತೆ ಸಿಂಹಾಸನದ ಮೇಲೆ ಕೂತವನದೇ ಯಾಕಾಗಿರಬಾರದು ಅಂದುಬಿಟ್ಟೆ. ಭಾಗವತರು ಮುಂದಿನ ಪದ್ಯ ಎತ್ತದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಪ್ಪ ಮುಂದಿನ ಸಾಲಲ್ಲೇ ಇದ್ದರು. ಮನೆಗೆ ಬಂದು ಇನ್ನೊಮ್ಮೆ, ದಶರಥ ಅಲ್ಲದೆ, ಹೇಳಬೇಕಾಯ್ತು. ಅದು ಕಷ್ಟದ್ದು.

ಕೇಳಿದವರು:
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ, ಇವರಿಗೂ ಓದಿ ಹೇಳಿದೆ. ಗೆಜ್ಜೆ ಒರೆಸಿಟ್ಟಿದ್ದೇನೆ, ಪಟ್ಟಿ ಇಲಿ ಕಚ್ಚಿದೆ, ಹೊಲಿಸಬೇಕು. ಹೊಸನಗರದ ಅಕ್ಕ, ಗುರಿಗೆ ಬೀಜ ಎಲ್ಲಿ ಸಿಗತ್ತೆ? ಬುಟ್ಟಿಯ ಹಳದಿ ಪೂರ್ತಿ ಹೋಗಿದೆ.

ಹೊಸನಗರ ಕಡೆಯವರು:
ನನ್ನ ಹತ್ರ ಒಂದು ಡಬ್ಬಿ ಇದೆ, ಸಾಗರದ ಬಸ್ಸಿಗೆ ಕೊಟ್ಟು ಕಳಿಸ್ತೀನಿ. ಆದ್ರೆ ಅಜ್ಜಿ ಗೆರೆ ಮೇಲೆ ತಿದ್ದಬೇಡಿ ಮಾರಾಯ್ತಿ, ಅದು ಹಾಗೇ ಇರಲಿ. ಹೊಸ ಬುಟ್ಟಿ ತಗೊಂಡು ಅದನ್ನ ನೋಡಿಕೊಂಡು ಬರೀರಿ. ಅಂದ ಹಾಗೆ, ನಿಮ್ಮಜ್ಜಿ ತೆನೆ ಎಡಕ್ಕೆ ಬಾಗಿದೆಯಾ, ಬಲಕ್ಕಾ?