ವಿಂಡೋಸ್ 7 ಡೆಸ್ಕ್‌ಟಾಪ್‌ನಿಂದ ಹೊಸ ಮಷಿನ್‌ಗೆ ಡಿಟಿಪಿ ಫೈಲುಗಳು: ನುಡಿ, ಪೇಜ್‌ಮೇಕರ್ ಕೆಡದ ಹಾಗೆ ಸಾಗಿಸೋದು ಹೇಗೆ?

ಡಿಟಿಪಿ_ತುಮಕೂರು:
ಜೆರಾಕ್ಸ್-ಡಿಟಿಪಿ ಅಂಗಡಿಯ ಹಳೇ ಡೆಸ್ಕ್‌ಟಾಪ್. ವಿಂಡೋಸ್ 7, 500 ಜಿಬಿ ಸಾಟಾ ಹಾರ್ಡ್ ಡಿಸ್ಕ್, ಯುಎಸ್‌ಬಿ 2.0 ಪೋರ್ಟ್ ಮಾತ್ರ. ಹೊಸದು ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ, ಒಂದೇ ಸಿ ಡ್ರೈವ್. ಸಾಗಿಸಬೇಕಾದ್ದು ಸುಮಾರು 320 ಜಿಬಿ: ಡಿ ಡ್ರೈವ್‌ನಲ್ಲಿರೋ ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್‌ಗಳ ಪೇಜ್‌ಮೇಕರ್ 7 (ಪುಟ ವಿನ್ಯಾಸದ ಸಾಫ್ಟ್‌ವೇರ್) ಫೈಲುಗಳು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು, ಫೋಟೋ, ವಿಡಿಯೋ. ಪೆನ್‌ಡ್ರೈವ್‌ನಲ್ಲಿ ಜಾಗ ಇದ್ರೂ 5 ಜಿಬಿಯ ಒಂದು ವಿಡಿಯೋ ಹೋಗ್ತಿಲ್ಲ, ಫೈಲ್ ದೊಡ್ಡದು ಅನ್ನುತ್ತೆ. ಹೊಸದರಲ್ಲಿ ತೆರೆದ ವರ್ಡ್ ಫೈಲಿನಲ್ಲಿ ಕನ್ನಡದ ಬದಲು ಗೀಟು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರ. ಯಾವ ಕ್ರಮದಲ್ಲಿ ಮಾಡಲಿ?

ಮಲ್ನಾಡ್‌ಟೆಕ್:
ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್‌ನಲ್ಲಿದೆ, ಅದಕ್ಕೇ ವಿಡಿಯೋ ಹೋಗಲ್ಲ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತೆ, ಆದರೆ 320 ಜಿಬಿಗೆ ಪೆನ್‌ಡ್ರೈವ್ ದಾರಿಯೇ ಬೇಡ. ಯುಎಸ್‌ಬಿ 2.0ನಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೂ ಮೂರು ಗಂಟೆ ಹಿಡಿಯುತ್ತೆ. ಅದೂ ಒಂದು ಕಡೆಯ ಲೆಕ್ಕ. ಅದನ್ನು ಮತ್ತೆ ಹೊಸದಕ್ಕೆ ಇಳಿಸಬೇಕು.

ಹಾರ್ಡ್ ಡಿಸ್ಕನ್ನೇ ಬಿಚ್ಚಿ. ಸಾಟಾದಿಂದ ಯುಎಸ್‌ಬಿ 3.0ಗೆ ಹೋಗುವ ಅಡಾಪ್ಟರ್ ತಗೊಳ್ಳಿ. ಡೆಸ್ಕ್‌ಟಾಪ್‌ದು 3.5 ಇಂಚಿನ ಡಿಸ್ಕ್, ಅದಕ್ಕೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಪವರ್ ಅಡಾಪ್ಟರ್ ಜೊತೆಗಿರೋದನ್ನೇ ಕೇಳಿ. ಲ್ಯಾಪ್‌ಟಾಪ್ ಡಿಸ್ಕಿಗೆ ಅಂತ ಬರೋ ಬರೀ ಕೇಬಲ್ಲಿನಲ್ಲಿ ಅದು ತಿರುಗಲ್ಲ. ಡಿಸ್ಕ್ ಗಟ್ಟಿಯಿದ್ದರೆ ದೊಡ್ಡ ಫೈಲುಗಳು ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಬರ್ತವೆ. ಸಾವಿರಾರು ಸಣ್ಣ ಫೈಲು ಇರೋ ಫೋಲ್ಡರ್ ಮಾತ್ರ ನಿಧಾನ.

ಕಾಪಿಗೆ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದ ಎಚ್ಚರಿಕೆ ಬಂದು, ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದೋಕೆ ತೊಡಕಾಗಿರೋ ಜಾಗಗಳ ಎಣಿಕೆ) ಸೊನ್ನೆಗಿಂತ ಹೆಚ್ಚಿದ್ದರೆ ಮೊದಲು ಚೆಕ್‌ಡಿಸ್ಕ್ ಓಡಿಸಬೇಡಿ, ಸೋತ ಡಿಸ್ಕಿಗೆ ಅದು ಇನ್ನಷ್ಟು ಹೊರೆ. ಮುಖ್ಯವಾದ ಫೋಲ್ಡರ್ ಮೊದಲು ತೆಗೀರಿ. ಟಕ್ ಟಕ್ ಸದ್ದು ಬಂದರೆ ಆಫ್ ಮಾಡಿ, ಡೇಟಾ ರಿಕವರಿಯವರಿಗೆ ಬಿಡಿ. ಹೊಸ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಯಾವ ಕಾರಣಕ್ಕೂ ಹ್ಞೂಂ ಅನ್ನಬೇಡಿ.

ಎಳೆದು ಬಿಡೋ ಕಾಪಿಗಿಂತ ರೋಬೋಕಾಪಿ (ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡೋ ವಿಂಡೋಸ್‌ನದೇ ಕಾಪಿ ಕಮಾಂಡ್) ವಾಸಿ. ಹೊಸದರಲ್ಲಿ ಮೊದಲೇ ಡಿ ಡ್ರೈವ್ ಮಾಡಿಕೊಂಡು, ಹಳೇ ಡಿಸ್ಕಿಗೆ ಎಫ್ ಅಕ್ಷರ ಸಿಕ್ಕಿದ್ದರೆ (ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ):

ರೋಬೋಕಾಪಿ ಎಫ್:\ಡಿಟಿಪಿ ಡಿ:\ಡಿಟಿಪಿ /ಇ /ಎಕ್ಸ್‌ಜೆ /ಆರ್:1 /ಡಬ್ಲ್ಯು:1

ಕೊನೆಯ ಎರಡನ್ನು ಬಿಟ್ಟರೆ ಓದಲಾಗದ ಒಂದು ಫೈಲಿಗೆ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತಾ ಕೂರುತ್ತೆ, ಅದರ ಸ್ವಭಾವವೇ ಹಾಗೆ. /ಎಂಐಆರ್ ಹಾಕೋಕೆ ಹೋಗಬೇಡಿ, ಮೂಲದಲ್ಲಿ ಇಲ್ಲದ್ದನ್ನು ಗುರಿಯ ಕಡೆ ಅಳಿಸಿಬಿಡುತ್ತೆ. ಮುಗಿದ ಮೇಲೆ ಅದೇ ಸಾಲಿಗೆ /ಎಲ್ ಸೇರಿಸಿ ಇನ್ನೊಮ್ಮೆ ಓಡಿಸಿ: ಏನನ್ನೂ ಕಾಪಿ ಮಾಡದೆ, ಉಳಿದುಹೋದ ಫೈಲುಗಳನ್ನಷ್ಟೇ ತೋರಿಸುತ್ತೆ.

ಅಕ್ಷರಜೋಡಣೆ:
ಮೇಲಿನವರು ಹೇಳಿದ್ದು ಸರಿ. ಆದರೆ ಡಿಟಿಪಿಯವರಿಗೆ ಕಷ್ಟ ಶುರುವಾಗೋದು ಕಾಪಿ ಮುಗಿದ ಮೇಲೆ.

ನಿಮ್ಮ ವರ್ಡ್ ಫೈಲು ಕೆಟ್ಟಿಲ್ಲ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಲ್ಲೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟ್‌ನಲ್ಲಿದೆ, ಆ ಫಾಂಟ್ ಹೊಸದರಲ್ಲಿಲ್ಲ, ಅಷ್ಟೇ. ಫಾಂಟ್ ಹೆಸರು ಫೈಲಿನೊಳಗೆ ಉಳಿದಿರುತ್ತೆ. ಗಾಬರಿಯಲ್ಲಿ ಪೂರ್ತಿ ಸೆಲೆಕ್ಟ್ ಮಾಡಿ ಬೇರೆ ಫಾಂಟ್ ಕೊಟ್ಟು ಸೇವ್ ಮಾಡಿದರೆ ಆ ಗುರುತೂ ಹೋಗುತ್ತೆ. ಹಳೇ ಮಷಿನ್ ಬಿಚ್ಚೋ ಮುಂಚೆ ಸಿ ಡ್ರೈವ್‌ನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ ಇತ್ಯಾದಿ ಎಲ್ಲಾ ಕನ್ನಡ ಫಾಂಟ್ ಫೈಲುಗಳನ್ನು ತೆಗೆದಿಟ್ಟುಕೊಳ್ಳಿ. ನೆಟ್‌ನಿಂದ ಹೊಸ ಆವೃತ್ತಿ ಇಳಿಸೋದಕ್ಕಿಂತ ಹಳೇ ಫಾಂಟ್ ಫೈಲುಗಳೇ ಮೇಲು: ಅಕ್ಷರದ ಅಗಲ ಕೂದಲಷ್ಟು ಬದಲಾದರೂ ಲಗ್ನಪತ್ರಿಕೆಯ ಸಾಲು ಮುರಿಯುತ್ತೆ.

ಹಾಕೋವಾಗ ರೈಟ್ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ. ಬರೀ "ಇನ್‌ಸ್ಟಾಲ್" ಕೊಟ್ಟರೆ ವಿಂಡೋಸ್ 11 ಫಾಂಟನ್ನು ನಿಮ್ಮೊಬ್ಬರ ಅಕೌಂಟಿನ ಫೋಲ್ಡರಿಗೆ ಹಾಕುತ್ತೆ, ಕೆಲವು ಹಳೇ ಸಾಫ್ಟ್‌ವೇರ್‌ಗಳಿಗೆ ಅದು ಕಾಣೋದೇ ಇಲ್ಲ. ವರ್ಡ್‌ನಲ್ಲಿ ಕಾಣಿಸುತ್ತೆ, ಪೇಜ್‌ಮೇಕರ್‌ನಲ್ಲಿ ಇಲ್ಲ ಅಂದ್ರೆ ಮೊದಲು ಇದನ್ನೇ ಅನುಮಾನಿಸಿ. ಓದೋಕೆ, ಪ್ರಿಂಟ್‌ಗೆ ಫಾಂಟ್ ಸಾಕು. ಟೈಪಿಂಗ್‌ಗೆ ನುಡಿ ಸಾಫ್ಟ್‌ವೇರನ್ನೇ ಹಾಕಬೇಕು.

ಹೊಸ ವರ್ಡ್‌ನಲ್ಲಿ ಆಟೋಕರೆಕ್ಟ್ ಆಫ್ ಮಾಡೋದು ಮರೀಬೇಡಿ. ಅದರ ಕಣ್ಣಿಗೆ ನುಡಿ ಪಠ್ಯ ಇಂಗ್ಲಿಷೇ. ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡೋಕೆ ಹೋಗಿ ಕನ್ನಡದ ಅಕ್ಷರವನ್ನೇ ಬದಲಿಸಿಬಿಡುತ್ತೆ.

ಇನ್ನು ಪೇಜ್‌ಮೇಕರ್. ಲಿಂಕ್ ಮಾಡಿದ ಚಿತ್ರಗಳ ಪೂರ್ತಿ ವಿಳಾಸ, ಡ್ರೈವ್ ಅಕ್ಷರವೂ ಸೇರಿ, ಫೈಲಿನಲ್ಲಿರುತ್ತೆ. ಆದ್ದರಿಂದ ಹೊಸದರಲ್ಲೂ ಡಿ ಡ್ರೈವ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ "ಶ್ರಿಂಕ್ ವಾಲ್ಯೂಮ್", 358400 ಎಂಬಿ (ಅಂದ್ರೆ 350 ಜಿಬಿ), ಖಾಲಿ ಜಾಗಕ್ಕೆ ಹೊಸ ವಾಲ್ಯೂಮ್, ಅಕ್ಷರ ಡಿ. 512 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 476 ಅಂತಲೇ ಕಾಣೋದು, ಸಿಗೆ ಸುಮಾರು 125 ಉಳಿಯುತ್ತೆ. ಬಿಗಿಯೇ, ವಿಡಿಯೋಗಳನ್ನು ಹೊರಗಿನ ಡಿಸ್ಕಿನಲ್ಲಿಡೋದು ಒಳ್ಳೇದು. ಡಿ ಅಕ್ಷರವನ್ನು ಕಾರ್ಡ್ ರೀಡರೋ ಪೆನ್‌ಡ್ರೈವೋ ಹಿಡಿದಿದ್ದರೆ ಮೊದಲು ಅದಕ್ಕೆ ಬೇರೆ ಅಕ್ಷರ ಕೊಡಿ.

ಡಿಟಿಪಿ_ತುಮಕೂರು:
ಧನ್ಯವಾದ ಸರ್. ಹಾಗಾದ್ರೆ ಎಲ್ಲವನ್ನೂ ಒಟ್ಟಿಗೆ ಯೂನಿಕೋಡ್‌ಗೆ ಬದಲಿಸಿ, ಪೇಜ್‌ಮೇಕರ್ ಬಿಟ್ಟು ಇನ್‌ಡಿಸೈನ್‌ಗೆ ಹೋಗಬಹುದಾ?

ಅಕ್ಷರಜೋಡಣೆ:
ಒಟ್ಟಿಗೆ ಬೇಡ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರಲ್ಲ, ಅಲ್ಲಿ ನುಡಿಯೇ ಗತಿ. ಪೇಜ್‌ಮೇಕರ್ ಫೈಲನ್ನು ನೇರವಾಗಿ ತೆರೆಯೋ ಕೊನೆಯ ಇನ್‌ಡಿಸೈನ್ ಸಿಎಸ್6. ಆಮೇಲಿನ ಸಿಸಿ ಆವೃತ್ತಿಗಳು ತೆರೆಯಲ್ಲ. ಮತ್ತೆ ಮತ್ತೆ ಬರೋ ಬಿಲ್‌ಬುಕ್, ಪತ್ರಿಕೆಗಳ ಮಾದರಿ ಮಾತ್ರ ಬದಲಿಸಿ, ಪ್ರೂಫ್ ನೋಡುವಾಗ ಅರ್ಕಾವತ್ತು, ಒತ್ತಕ್ಷರದ ಮೇಲೆ ಕಣ್ಣಿಡಿ. ಉಳಿದವುಗಳ ಪಿಡಿಎಫ್ ಅನ್ನು ಫಾಂಟ್ ಎಂಬೆಡ್ ಮಾಡಿ (ಫೈಲಿನೊಳಗೇ ಸೇರಿಸಿ) ಹಳೇ ಮಷಿನ್‌ನಲ್ಲೇ ತೆಗೆದಿಡಿ.

ಶೆಟ್ಟಿ_ನೆಟ್‌ವರ್ಕ್ಸ್:
ಎರಡು ಮಾತು. ಡೆಸ್ಕ್‌ಟಾಪ್ ಪರದೆ ಮೇಲೆ ಇಟ್ಟ ಫೈಲು ಡಿ ಡ್ರೈವ್‌ನಲ್ಲಿರಲ್ಲ, ಸಿ ಡ್ರೈವ್‌ನ ಯೂಸರ್ಸ್ ಒಳಗಿರುತ್ತೆ. ಅಲ್ಲಿ "ಪರ್ಮಿಷನ್ ಇಲ್ಲ" ಅಂದರೆ "ಕಂಟಿನ್ಯೂ" ಒತ್ತಿ ಕಾಯಿರಿ.

ಇನ್ನೊಂದು, ಹೊಸ ಮಷಿನ್‌ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಹಿಡಿದುಕೊಂಡಿರಬಹುದು. ಬಿಟ್ಟಿ ಕೋಟಾ 5 ಜಿಬಿ. ಅಲ್ಲಿಗೆ ಸುರಿದರೆ ಅದು ತುಂಬಿ ಸಿಂಕ್ ನಿಂತುಹೋಗುತ್ತೆ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿಲ್ಲಿಸಿಯೇ ಕಾಪಿ ಶುರುಮಾಡಿ. ಸಿ ಡ್ರೈವ್ ಮೇಲೆ ಬೀಗದ ಗುರುತು ಇದ್ದರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ವ್ಯವಸ್ಥೆ) ಆನ್ ಆಗಿದೆ ಅಂತ ಅರ್ಥ, ಪಾರ್ಟಿಷನ್ ಮುಟ್ಟೋ ಮುಂಚೆ 48 ಅಂಕಿಯ ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.